ಸ್ಕೀ ಜಿಗಿತದ ನಂತರ ಹಿಂದಕ್ಕೆ ಬೀಳುತ್ತಿರುವುದಕ್ಕೆ

ಗುಲ್ಮಾರ್ಗ್‌ನಲ್ಲಿ ಸಣ್ಣ ಜಿಗಿತಗಳಾದಾಗಲೆಲ್ಲ ಹಿಂದಕ್ಕೆ ಬಿದ್ದು, ಕೊನೆಗೆ ಹೆಬ್ಬೆರಳಿನ ಬುಡ ಊದಿಕೊಂಡಿತು ಎಂದಿದ್ದೀರಿ. ನೆಲ ಮುಟ್ಟುವಾಗ ಭಾರ ಹಿಮ್ಮಡಿಯ ಮೇಲಿದೆ, ಬೀಳುವಾಗ ಕೋಲು ಹಿಡಿದ ಕೈಯನ್ನೇ ಊರುತ್ತಿದ್ದೀರಿ. ಬಹುಶಃ ಕಾರಣ ಇದೇ. ಕೋಲು ಹೆಬ್ಬೆರಳನ್ನು ಹೊರಕ್ಕೆ ಮೀಟಿ ಬುಡದ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ಪಟ್ಟಿಯಂಥ ಅಂಗಾಂಶ) ಹರಿಯುವುದು ಎಷ್ಟು ಸಾಮಾನ್ಯವೆಂದರೆ, ಆ ಗಾಯಕ್ಕೆ ‘ಸ್ಕೀಯರ್ಸ್ ಥಂಬ್’ ಎಂಬ ಹೆಸರೇ ಇದೆ. ನಿಮ್ಮದು ಅದೇ ಎಂದು ಇಲ್ಲಿಂದ ಹೇಳಲಾರೆ. ಬೀಗದ ಕೈ ತಿರುಗಿಸಲು ಬೆರಳಿಗೆ ಬಲ ಸಾಲದಿದ್ದರೆ ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ.

ಬೆರಳು ವಾಸಿಯಾದ ಮೇಲೆ ನಿಮ್ಮ ದಾವಣಗೆರೆಯಲ್ಲೇ ಬೀಳುವುದನ್ನು ಕಲಿಯಿರಿ. ಗರಡಿ ಮನೆಯ ಹದವಾದ ಮಣ್ಣಿಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಬೀಳುವ ವಿದ್ಯೆಯನ್ನು ಪೈಲ್ವಾನರಷ್ಟು ಬಲ್ಲವರು ಕಡಿಮೆ. ಮೊದಲು ಕುಕ್ಕರಗಾಲಿನಲ್ಲಿ ಕುಳಿತು, ಗದ್ದವನ್ನು ಎದೆಗೆ ಒತ್ತಿ, ಕೈಗಳನ್ನು ಎದೆಯ ಮುಂದೆ ಮಡಚಿಕೊಂಡು ಪಕ್ಕಕ್ಕೆ ಉರುಳಿ. ತೊಡೆ, ಸೊಂಟ, ಬೆನ್ನಿನ ಪಕ್ಕ, ಹೀಗೆ ಒಂದಾದ ಮೇಲೊಂದು ನೆಲ ಮುಟ್ಟಬೇಕು. ಕೈ ತಾನಾಗಿ ನೆಲಕ್ಕೆ ಹೋಗುವುದು ನಿಂತ ಮೇಲೆಯೇ ಮೊಣಕಾಲೆತ್ತರದಿಂದ ಹಾರಿ ನೋಡಿ.

ಹಿಮದ ಮೇಲೆ ಜಿಗಿಯುವಾಗ ಕೋಲಿನ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಬೇಡಿ. ಬೀಳುತ್ತೇನೆ ಎನ್ನಿಸಿದೊಡನೆ ಕೋಲನ್ನು ಬಿಟ್ಟುಬಿಡಿ. ಮೊಣಕಾಲು ಬಾಗಿರಲಿ, ಪಕ್ಕಕ್ಕೆ ಬೀಳಿ. ಬಿದ್ದ ಮೇಲೆ ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಲು ಹೋಗಲೇಬೇಡಿ. ಹಿಂದಕ್ಕೆ ವಾಲಿದಾಗ ಎದ್ದು ನಿಲ್ಲಲು ಹೆಣಗುವುದರಿಂದಲೇ ಎಷ್ಟೋ ಮೊಣಕಾಲುಗಳ ಲಿಗಮೆಂಟ್ ಹರಿದಿವೆ. ಹೆಲ್ಮೆಟ್ ಕಡ್ಡಾಯ. ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಕಳಚಿಕೊಳ್ಳುವ ಬೈಂಡಿಂಗ್ ಅನ್ನು ನಿಮ್ಮ ತೂಕ, ಎತ್ತರ, ಬೂಟಿನ ಅಳತೆ ಮತ್ತು ಅನುಭವ ಹೇಳಿ ಬಾಡಿಗೆ ಅಂಗಡಿಯ ತಂತ್ರಜ್ಞರಿಂದಲೇ ಹೊಂದಿಸಿಕೊಳ್ಳಿ.