ಪ್ರೀಮಿಯರ್ ಶೋದಲ್ಲಿ ಬೇಸರವಾದದ್ದು ನಿಮಗೊಬ್ಬರಿಗೇ ಅಲ್ಲ

ಮಂಗಳೂರಿನಲ್ಲಿ ತುಳು ಸಿನಿಮಾದ ಪ್ರೀಮಿಯರ್ ನೋಡಿ ಎಲ್ಲರೂ "ಸೂಪರ್" ಅಂದರು, ನನಗೊಬ್ಬನಿಗೇ ಬೇಸರವಾಯ್ತು, ನಿರ್ದೇಶಕರು ಕೇಳಿದಾಗ ನಿಜ ಹೇಳಬೇಕಿತ್ತಾ ಅಂತ ಕೇಳಿದ್ದೀರಿ. ಹೇಳಬೇಕಿತ್ತು ಮಾರಾಯ್ರೆ.

ಉಡುಪಿಯಲ್ಲಿ ಇಂಥದ್ದೇ ಒಂದು ಶೋಗೆ ನಾನೂ ಹೋಗಿದ್ದೆ. ಅರ್ಧ ಹಾಲ್ ಚಿತ್ರತಂಡದ ನೆಂಟರು, ನಾಟಕದ ಗೆಳೆಯರು. ಹೀರೊ ಬಂದಾಗ ಶಿಳ್ಳೆ, ಮೊದಲ 20 ನಿಮಿಷ ಒಳ್ಳೆ ನಗು. ಅದೇ ಧಾಟಿಯ ತಮಾಷೆ ಮತ್ತೆ ಮತ್ತೆ ಬಂದಾಗ ನಗು ಮುಂದಿನ ಎರಡು ಸಾಲಿಗಷ್ಟೇ ಉಳಿಯಿತು. ಇಂಟರ್‌ವಲ್ ಮುಗಿದರೂ ಜನ ಚಾ ಹಿಡಿದು ಹೊರಗೇ ನಿಂತಿದ್ದರು. ತಾಯಿ ಸಾಯುವ ದೃಶ್ಯದಲ್ಲಿ ನನ್ನ ಸಾಲಿನಲ್ಲೇ ಐದಾರು ಮೊಬೈಲ್ ಬೆಳಕು! ಹೊರಗೆ ಮೈಕ್ ಹಿಡಿದಾಗ ಮಾತ್ರ ಎಲ್ಲರ ಬಾಯಲ್ಲೂ "ಎಡ್ಡೆ ಉಂಡು" (ಚೆನ್ನಾಗಿದೆ). ಪಾಪ, ಅವರು ಸುಳ್ಳರಲ್ಲ. ವರ್ಷಗಟ್ಟಲೆ ದುಡಿದವನ ಮುಖ ನೋಡಿ ಬೇರೆ ಹೇಳಲಿಕ್ಕೆ ಮನಸ್ಸು ಬರುವುದಿಲ್ಲ. ಹಾಗಾಗಿ ಚಪ್ಪಾಳೆಗಿಂತ ಆ ಮೊಬೈಲ್ ಬೆಳಕನ್ನೇ ನಾನು ನಂಬುತ್ತೇನೆ.

ತುಳು ಸಿನಿಮಾ ಶುರುವಾದದ್ದು 1971ರಲ್ಲಿ. ಇವತ್ತಿಗೂ ಅದರ ಮುಖ್ಯ ಮಾರುಕಟ್ಟೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಮತ್ತೆ ಗಲ್ಫಿನ ನಮ್ಮವರು. ಇಷ್ಟು ಸಣ್ಣ ಊರಿನಲ್ಲಿ ಬಾಯಿಮಾತು ಒಂದೇ ದಿನದಲ್ಲಿ ಹರಡುತ್ತದೆ. ನಿರ್ದೇಶಕರಿಗೆ ಅದು ಮೊದಲೇ ಗೊತ್ತಾದರೆ ಒಳ್ಳೆಯದಲ್ವಾ?

ಈಗಲೂ ತಡವಾಗಿಲ್ಲ, ಫೋನ್ ಮಾಡಿ. "ಬೋರ್ ಆಯ್ತು" ಅಂದರೆ ಅವರಿಗೆ ಎಂತ ಉಪಯೋಗ? ಯಾವ ದೃಶ್ಯದಲ್ಲಿ ಗಮನ ತಪ್ಪಿತು, ಅದನ್ನು ಹೇಳಿ. ಸೆನ್ಸಾರ್ ಆದ ಮೇಲೆ ಕತ್ತರಿಸಿದರೆ ಮಂಡಳಿಗೆ ತಿಳಿಸಬೇಕಾಗುತ್ತದೆ, ಆದರೂ ಹತ್ತು ನಿಮಿಷ ಟ್ರಿಮ್ ಮಾಡುವುದು ಆಗದ ಕೆಲಸವಲ್ಲ. ಮತ್ತೆ, ಇಷ್ಟವಾದ ನಟರ ಹೆಸರನ್ನೂ ಮರೆಯದೆ ಹೇಳಿ.