ಟೆಸ್ಟ್ ಎಲ್ಲ ಪಾಸಾಗಿದೆ, ಇನ್ನೇನು ಬೇಕು?

ಪ್ರಶ್ನೆ: ಒಂದೇ ಡೇಟಾವನ್ನು ಮೂರು ಸರ್ವರ್‌ಗಳಲ್ಲಿ ಇಡುವ ವ್ಯವಸ್ಥೆ ಕಟ್ಟುತ್ತಿದ್ದೇವೆ. ನೆಟ್‌ವರ್ಕ್ ಕಡಿದು, ಸರ್ವರ್ ನಿಲ್ಲಿಸಿ ವಾರಗಟ್ಟಲೆ ಟೆಸ್ಟ್ ಮಾಡಿದ್ದೇವೆ. ಆದರೂ ನಮ್ಮ ಸೀನಿಯರ್, ಡಿಸೈನನ್ನು ಟಿಎಲ್‌ಎ ಪ್ಲಸ್‌ನಲ್ಲಿ (ಡಿಸೈನನ್ನು ಗಣಿತದಷ್ಟು ನಿಖರವಾಗಿ ಬರೆಯುವ ಭಾಷೆ) ಬರೆದು ಚೆಕ್ ಮಾಡಿ ಅಂತಾರೆ. ಇಷ್ಟು ಟೆಸ್ಟ್ ಸಾಲದೇ?
— ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಸಾಲದು. ನಿಮ್ಮ ಸೀನಿಯರ್ ಮಾತು ಕೇಳಿ.

ಅಮೆಜಾನ್‌ನ ಡೇಟಾಬೇಸ್ ಸೇವೆ ಡೈನಮೋಡಿಬಿಗೂ ಹೀಗೇ ಆಗಿತ್ತು. ಡಿಸೈನ್ ರಿವ್ಯೂ, ಕೋಡ್ ರಿವ್ಯೂ, ಬೇಕೆಂದೇ ಸರ್ವರ್ ಕೆಡಿಸಿ ನೋಡುವ ಟೆಸ್ಟ್, ಎಲ್ಲವನ್ನೂ ದಾಟಿ ಬಂದ ಒಂದು ಬಗ್ ಟಿಎಲ್‌ಎ ಪ್ಲಸ್‌ಗೆ ಸಿಕ್ಕಿಬಿತ್ತು. ಡೇಟಾ ಕಳೆದುಹೋಗುವಂಥ ಬಗ್ ಅದು, ಅದನ್ನು ತಲುಪುವ ಅತಿ ಹತ್ತಿರದ ದಾರಿಯೇ 35 ಹೆಜ್ಜೆ ಎಂದು ಅವರೇ 2015ರಲ್ಲಿ ಬರೆದಿದ್ದಾರೆ. ಅಷ್ಟು ಹೆಜ್ಜೆಯನ್ನು ಯಾರು ತಲೆಯಲ್ಲಿ ಊಹಿಸಿ ಟೆಸ್ಟ್ ಬರೆಯುತ್ತಾರೆ?

ಲೆಕ್ಕ ಹಾಕಿ ನೋಡಿ. ಮೂರು ಸರ್ವರ್, ಒಂದೊಂದರಲ್ಲಿ ಐದೇ ಘಟನೆ. ಅವು ಒಂದರೊಳಗೊಂದು ಬೆರೆಯುವ ಕ್ರಮಗಳು 7,56,756. ಮೆಸೇಜ್ ಕಳೆದುಹೋಗುವುದನ್ನು ಇನ್ನೂ ಸೇರಿಸಿಲ್ಲ. ನಿಮ್ಮ ಟೆಸ್ಟ್ ಇದರಲ್ಲಿ ಎಷ್ಟನ್ನು ಮುಟ್ಟಿದೆಯೋ ಗೊತ್ತಾಗುವುದಿಲ್ಲ, ಟಿಎಲ್‌ಎ ಪ್ಲಸ್‌ನಲ್ಲಿ ಬರೆದ ಡಿಸೈನನ್ನು (ಅದೇ ‘ಮಾಡೆಲ್’) ಪರೀಕ್ಷಿಸುವ ಮಾಡೆಲ್ ಚೆಕರ್ ಎಂಬ ಪ್ರೋಗ್ರಾಂ ಒಂದನ್ನೂ ಬಿಡದೆ ನೋಡುತ್ತದೆ.

ಮೊದಲು ನಿಮಗೇನು ಬೇಕೋ ಅದನ್ನು ಬರೆಯಿರಿ. ‘ಸೇವ್ ಆಯಿತು ಎಂದು ಹೇಳಿದ ಮೇಲೆ ಅದು ಕಳೆದುಹೋಗಬಾರದು.’ ‘ಒಬ್ಬರು ಹೊಸ ಬ್ಯಾಲೆನ್ಸ್ ನೋಡಿದ ಮೇಲೆ, ಆಮೇಲೆ ಓದುವವರಿಗೆ ಹಳೆಯದು ಕಾಣಬಾರದು.’ ಈ ಎರಡನೆಯ ಸಾಲಿಗೆ ಟೀಮಿನಲ್ಲಿ ಜೋರು ಚರ್ಚೆ ಆಗುತ್ತದೆ, ಆಗಲಿ ಬಿಡಿ, ಕೋಡ್ ಬರೆದ ಮೇಲೆ ಆಗುವುದಕ್ಕಿಂತ ಈಗಲೇ ಆಗುವುದು ಒಳ್ಳೆಯದು ಅಲ್ವಾ. ಆಮೇಲೆ ಮಾಡೆಲ್ ಚಿಕ್ಕದಾಗಿಡಿ: ಮೂರು ಸರ್ವರ್, ಎರಡು ರೈಟ್ (ಡೇಟಾ ಬರೆಯುವುದು), ಒಂದು ಕ್ರ್ಯಾಶ್. ಅಷ್ಟಕ್ಕೇ ಬಹಳ ತಪ್ಪು ಹೊರಬರುತ್ತದೆ. ಎಷ್ಟೇ ಸರ್ವರ್ ಇದ್ದರೂ ಸರಿ ಎಂಬ ಗಣಿತದ ಪೂರ್ತಿ ಪ್ರೂಫ್ ಬೇರೆಯದೇ ಕೆಲಸ. ಸರ್ವರ್‌ಗಳೆಲ್ಲ ಒಂದೇ ಮಾತಿಗೆ ಬರುವಂತೆ ಮಾಡುವ ರಾಫ್ಟ್ ಎಂಬ ಪ್ರೋಟೋಕಾಲ್‌ಗೆ (ನಿಯಮಗಳ ಗುಂಪು) ಹಾಗೆ ಪ್ರೂಫ್ ಬರೆದವರಿಗೆ ಸುಮಾರು 50,000 ಸಾಲು ಬೇಕಾಯಿತು. ನಿಮಗೆ ಸದ್ಯಕ್ಕೆ ಅದು ಬೇಡ.

ಹಾಗಂತ ಟೆಸ್ಟ್ ಬಿಡಬೇಡಿ. ಪ್ರೂಫ್ ಆಗಿದ್ದ ಮೂರು ವ್ಯವಸ್ಥೆಗಳನ್ನು 2017ರಲ್ಲಿ ಜಾಲಾಡಿದಾಗ 16 ಬಗ್ ಸಿಕ್ಕವು. ಪ್ರೋಟೋಕಾಲ್‌ನಲ್ಲಿ ಒಂದೂ ಇರಲಿಲ್ಲ. ಎಲ್ಲ ಇದ್ದದ್ದು ಅದರ ಸುತ್ತ, ಅಂದರೆ ‘ಇದು ಸರಿಯೇ ಇರುತ್ತದೆ’ ಎಂದು ಸುಮ್ನೆ ನಂಬಿಕೊಂಡ ಕಡೆ. ನಿಮ್ಮ ಮಾಡೆಲ್‌ನಲ್ಲಿ ‘ಬರೆದಾಯಿತು’ ಅಂದರೆ ಡಿಸ್ಕ್ ಸೇರಿತು ಎಂದರ್ಥ. ಕೋಡ್‌ನಲ್ಲಿ ಎಫ್‌ಸಿಂಕ್ (ಡೇಟಾವನ್ನು ನಿಜವಾಗಿ ಡಿಸ್ಕ್‌ಗೆ ಸೇರಿಸುವ ಕರೆ) ಮುಗಿಯುವ ಮೊದಲೇ ಉತ್ತರ ಹೊರಟುಬಿಡುತ್ತಿದೆಯಾ? ಆ ಕೋಡನ್ನು ಇವತ್ತೇ ತೆರೆದು ನೋಡಿ.