ದಿಲ್ಲಿಯ ಚಿನ್ ನಿರಾಶ್ರಿತರು ಮತ್ತು ಅವರ ಸಭೆ

ಪ್ರಶ್ನೆ: ದಿಲ್ಲಿಯ ವಿಕಾಸಪುರಿಯಲ್ಲಿ ನನ್ನ ಮಗಳ ನೆರೆಮನೆಯಲ್ಲಿ ಮ್ಯಾನ್ಮಾರ್‌ನಿಂದ ಬಂದ ಚಿನ್ ನಿರಾಶ್ರಿತರ ಕುಟುಂಬವಿದೆ. ಎಷ್ಟೇ ಕಷ್ಟವಿದ್ದರೂ ಅವರು ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಯಾರೆಂದು ಕೇಳಿದರೆ ಮೊದಲು ಕ್ರೈಸ್ತರೆಂದೇ ಹೇಳುತ್ತಾರೆ. ಹೊರಗಿನಿಂದ ಬಂದ ಧರ್ಮ ನೂರು ಚಿಲ್ಲರೆ ವರ್ಷಗಳಲ್ಲಿ ಒಂದು ಜನಾಂಗದ ಗುರುತಾಗಬಲ್ಲದೇ?
— ಓದುಗರೊಬ್ಬರು, ಪಿರಿಯಾಪಟ್ಟಣ

ಉತ್ತರ: ಖಂಡಿತ ಆಗಬಲ್ಲದು. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳಾದ ಆರ್ಥರ್ ಮತ್ತು ಲಾರಾ ಕಾರ್ಸನ್ ದಂಪತಿ 1899ರಲ್ಲಿ ಮ್ಯಾನ್ಮಾರ್‌ನ ಚಿನ್ ಬೆಟ್ಟಗಳ ಹಾಖಾ ಊರಿಗೆ ಬಂದ ಕಾಲಕ್ಕೆ ಅಲ್ಲಿನ ಜನರಿಗೆ ಊರು ಮತ್ತು ಕುಲವೇ ಗುರುತಾಗಿದ್ದವು. ಒಂದು ಕಣಿವೆಯವರ ಮಾತು ಮತ್ತೊಂದು ಕಣಿವೆಯವರಿಗೆ ಅರ್ಥವಾಗುವುದೂ ಕಷ್ಟವಿತ್ತು. ಶಾಲೆ, ರೋಮನ್ ಲಿಪಿಯ ಓದುಬರಹ, ಕೀರ್ತನೆಯ ಪುಸ್ತಕ ಇವೆಲ್ಲ ಮಿಷನ್ನಿನೊಡನೆ ಬಂದುದರಿಂದ, ಬೇರೆ ಬೇರೆ ಕುಲದವರು ಒಟ್ಟಿಗೆ ಕುಳಿತುಕೊಳ್ಳುವ ಜಾಗ ಮೊದಲು ಸಿಕ್ಕಿದ್ದು ಬಹುಮಟ್ಟಿಗೆ ಸಭೆಯಲ್ಲೇ, ಅಂದರೆ ಚರ್ಚಿನಲ್ಲೇ. 1961ರಲ್ಲಿ ಬರ್ಮಾ ಸರ್ಕಾರ ಬೌದ್ಧ ಧರ್ಮವನ್ನು ರಾಷ್ಟ್ರಧರ್ಮವೆಂದು ಸಾರಿದಾಗ, ಕ್ರೈಸ್ತರಾಗಿರುವುದೂ ಚಿನ್ ಆಗಿರುವುದೂ ಇನ್ನಷ್ಟು ಬಿಗಿಯಾಗಿ ಬೆಸೆದುಕೊಂಡವು. ಮುತ್ತಜ್ಜಿ ಕಲಿತ ಕೀರ್ತನೆಯನ್ನು ಮರಿಮಗಳು ಹಾಡುತ್ತಿರುವಾಗ ಅದನ್ನು ಹೊರಗಿನದೆನ್ನುವುದು ನನಗೆ ಸರಿಕಾಣುವುದಿಲ್ಲ.

ಊರು ಬಿಟ್ಟ ಮೇಲಂತೂ ಈ ನಂಬಿಕೆಯ ಹೊಣೆ ಹೆಚ್ಚಾಯಿತು. 1988ರಲ್ಲಿ ಮ್ಯಾನ್ಮಾರ್‌ನ ಸೇನೆ ಜನರ ಚಳವಳಿಯನ್ನು ದಮನ ಮಾಡಿದ ನಂತರ ಮೊದಲಾದ ವಲಸೆ 2021ರ ಫೆಬ್ರುವರಿಯ ಸೇನಾ ಕ್ರಾಂತಿಯಿಂದ ಮತ್ತೆ ಉಕ್ಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಿನ್ ರಾಜ್ಯದ ಥಾಂಟ್ಲಾಂಗ್ ಪಟ್ಟಣದ ಮನೆಗಳಿಗೆ ಬೆಂಕಿ ಬಿದ್ದಾಗ, ಆರಿಸಲು ಹೋದ ಬ್ಯಾಪ್ಟಿಸ್ಟ್ ಪಾಸ್ಟರ್ ಒಬ್ಬರು ಗುಂಡಿಗೆ ಬಲಿಯಾದರು. ಬೈಬಲಿನಲ್ಲಿ ಇಸ್ರಾಯೇಲರು ಐಗುಪ್ತದಿಂದ (ಈಜಿಪ್ಟಿನಿಂದ) ಹೊರಟ ಕಥೆಯನ್ನೂ, ಹಸುಗೂಸು ಯೇಸುವನ್ನು ಎತ್ತಿಕೊಂಡು ಯೋಸೇಫ ಮತ್ತು ಮರಿಯಳು ರಾತ್ರೋರಾತ್ರಿ ಅದೇ ಐಗುಪ್ತಕ್ಕೆ ಓಡಿದ ಕಥೆಯನ್ನೂ ಇಂಥವರು ಓದುವ ಬಗೆಯೇ ಬೇರೆ: ತಮ್ಮ ಓಟವನ್ನು ದೇವರು ಬಲ್ಲನೆಂಬ ಧೈರ್ಯ ಅವರಿಗೆ ಅಲ್ಲಿ ಸಿಗುತ್ತದೆ.

ಗಡಿಯ ತಿಯಾವ್ ನದಿ ದಾಟಿ ಮಿಜೋರಾಂ ಸೇರಿದವರನ್ನು ಅಲ್ಲಿನ ಜನ ರಕ್ತಸಂಬಂಧಿಗಳೆಂದೂ ಒಂದೇ ನಂಬಿಕೆಯವರೆಂದೂ ಬರಮಾಡಿಕೊಂಡರು. ದಿಲ್ಲಿಯಲ್ಲಿ ಅಂಥ ನಂಟಿಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದ್ದರಿಂದ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಕೊಡುವ ಕಾರ್ಡೇ ಇವರಿಗೆ ಆಧಾರ. ಚಿನ್ ಜನರಿಗೆ ಇನ್ನು ರಕ್ಷಣೆ ಬೇಕಿಲ್ಲವೆಂದು 2018ರಲ್ಲಿ ಹೇಳಿದ ಆ ಕಚೇರಿ, ಮರುವರ್ಷ ಆ ನಿಲುವನ್ನು ಹಿಂತೆಗೆದುಕೊಂಡಿತು. ಇಂಥ ಅತಂತ್ರದಲ್ಲಿ ಸಭೆ ಏನು ಮಾಡುತ್ತದೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ಸಾಕು. ಅನೇಕ ಚಿನ್ ಜನರಿಗೆ ಮನೆತನದ ಹೆಸರಿಲ್ಲ, ಎರಡು ಮೂರು ತುಂಡುಗಳು ಕೂಡಿಯೇ ಒಬ್ಬರ ಹೆಸರು. ಅರ್ಜಿಯ ಎರಡು ಖಾನೆಗಳಿಗಾಗಿ ಅದನ್ನು ಕತ್ತರಿಸಿದರೆ ತಂದೆಗೂ ಮಗನಿಗೂ ಸಂಬಂಧವೇ ಇಲ್ಲದಂತೆ ಕಾಣುತ್ತದೆ; ಸಭೆಯಲ್ಲಿ ಮಾತ್ರ ಹೆತ್ತವರು ಇಟ್ಟ ಹೆಸರನ್ನು ಪೂರ್ತಿಯಾಗಿ, ತಮ್ಮದೇ ಉಚ್ಚಾರದಲ್ಲಿ ಕರೆಯುತ್ತಾರೆ. ಮದುವೆ, ಸಾವು, ಕಾಯಿಲೆ ಯಾವುದಕ್ಕಾದರೂ ಮೊದಲು ಬರುವವರು ಸಭೆಯವರೇ.

ಆದರೂ ಸಭೆ ದೇಶದ ಬದಲಿಯಾಗಲಾರದು. ದಿಲ್ಲಿಯ ಚಿನ್ ಸಭೆಗಳು ಹಲವು ಭಾಷೆಗಳಲ್ಲಿ ಹಂಚಿಹೋಗಿವೆ, ಹಾಗಾಗಿ ಹಳೆಯ ಕಣಿವೆಗಳ ಅಂತರ ಆರಾಧನೆಯ ಬಾಡಿಗೆ ಸಭಾಂಗಣಗಳಲ್ಲೂ ಉಳಿದಿದೆ. ಅವರ ಭಕ್ತಿಯನ್ನು ಮೆಚ್ಚಿ ಸುಮ್ಮನಾಗುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನಿಮ್ಮ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರು ಮಠಗಳನ್ನು ಕಟ್ಟಿ ಬಾಳಲು ಸಾಧ್ಯವಾದದ್ದು ಅಂದಿನ ಮೈಸೂರು ಸರ್ಕಾರ ಭೂಮಿ ಕೊಟ್ಟಿದ್ದರಿಂದ. ಚಿನ್ ಜನರಿಗೆ ಅಂಥ ನೆಲೆ ದೊರೆತಿಲ್ಲ. ನಿಮ್ಮ ಮಗಳು ಆ ಮನೆಯ ಮಕ್ಕಳನ್ನು ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಲು ಜೊತೆಗೆ ಹೋದರೆ, ಮನೆ ಮಾಲೀಕರೊಡನೆ ಹಿಂದಿಯಲ್ಲಿ ಅವರ ಪರವಾಗಿ ಮಾತಾಡಿದರೆ, ಅದು ನಿಜವಾದ ನೆರವಾಗುತ್ತದೆ.